ಮಾತ್ರೆ ನುಂಗೋದಕ್ಕೆ ಮನಸ್ಸೂ ಒಪ್ಪಬೇಕು: ಮೆಡಿಕಲ್ ಶಾಪಿನವಳ ಕೆಲವು ಉಪಾಯಗಳು

ನನ್ನ ಅಂಗಡಿಗೆ ಬರುವವರಲ್ಲಿ ಶುಗರ್ ಬಗ್ಗೆ ಗೊತ್ತಿಲ್ಲದವರು ಯಾರೂ ಇಲ್ಲ. ಅನ್ನ ಕಡಿಮೆ ಮಾಡಬೇಕು, ನಡೀಬೇಕು, ಮಾತ್ರೆ ತಪ್ಪಿಸಬಾರದು, ಬೀಡಿ ಬಿಡಬೇಕು. ಎಲ್ಲವನ್ನೂ ನನಗೇ ಪಾಠ ಮಾಡುತ್ತಾರೆ. ಪಾಠ ಮುಗಿಸಿ, ತಿಂಗಳ ಮಾತ್ರೆ ಬರೆದಿರುವ ಚೀಟಿಗೆ ಹತ್ತೇ ಮಾತ್ರೆ ತಗೊಂಡು, ಎದುರಿನ ಬೇಕರಿಗೆ ಹೋಗುತ್ತಾರೆ. ನಾನು ನಿಲ್ಲುವ ಜಾಗದಿಂದ ಬೇಕರಿ ಚೆನ್ನಾಗಿ ಕಾಣುತ್ತದೆ.

ನಾನು ಡಿ.ಫಾರ್ಮ ಓದಿದವಳು. ಮಂಡ್ಯದ ಗುತ್ತಲು ರಸ್ತೆ ಕಡೆ ಸಣ್ಣದೊಂದು ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಡಾಕ್ಟರ್ ಅಲ್ಲ, ಮನಃಶಾಸ್ತ್ರಜ್ಞೆಯೂ ಅಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಜನ ಕಡಿಮೆ. ಆ ಹೊತ್ತಲ್ಲಿ ಮೆದುಳಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ನಾಲ್ಕು ಗಂಟೆ ಮೇಲೆ ಓದಿದ್ದೆಲ್ಲ ಕೌಂಟರಿನ ಆ ಕಡೆ ಬಂದು ನಿಲ್ಲುತ್ತದೆ.

ಇಷ್ಟು ವರ್ಷ ನೋಡಿ ನನಗೆ ಅನಿಸಿದ್ದು ಇದು. ಆರೋಗ್ಯದ ವಿಷಯದಲ್ಲಿ ನಾವು ತಪ್ಪುವುದು ಬುದ್ಧಿ ಕಡಿಮೆಯಾಗಿ ಅಲ್ಲ. ಆ ಗಳಿಗೆಯಲ್ಲಿ ಯಾವುದು ಬೇಗ ನಿರಾಳ ಕೊಡುತ್ತದೋ ಅದರ ಕಡೆ ಮನಸ್ಸು ವಾಲುತ್ತದೆ. ಟೆಸ್ಟ್ ಮುಂದೂಡಿದರೆ ನಿರಾಳ. ಬೋಂಡಾ ತಿಂದರೆ ನಿರಾಳ. ರಿಪೋರ್ಟ್ ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ಟರೂ ನಿರಾಳ. ಹಾಗಾಗಿ ನಾನು ಕೊಡುವ ಉಪಾಯಗಳೆಲ್ಲ ಒಂದೇ ಥರದವು. ಸರಿಯಾದ ಕೆಲಸದ ಪಕ್ಕದಲ್ಲೇ ಒಂದಿಷ್ಟು ನಿರಾಳ ಸಿಗೋ ಹಾಗೆ ಮಾಡಿಕೊಳ್ಳಿ. ತೀರ್ಮಾನಗಳನ್ನು ಮನಸ್ಸು ತಣ್ಣಗಿರುವಾಗಲೇ ಮಾಡಿ ಮುಗಿಸಿ.

ತಲೆಯೊಳಗಿನ ಕಥೆ, ಚುಟುಕಾಗಿ

ಹಣೆಯ ಹಿಂದಿನ ಭಾಗಕ್ಕೆ ಪ್ರೀಫ್ರಂಟಲ್ ಕಾರ್ಟೆಕ್ಸ್ ಎನ್ನುತ್ತಾರೆ. ಮುಂದಿನ ತಿಂಗಳ ಯೋಚನೆ, ಲೆಕ್ಕಾಚಾರ, ಬಾಯಿಗೆ ಬಂದ ಮಾತನ್ನು ತಡೆಯುವುದು, ಇದೆಲ್ಲ ಹೆಚ್ಚಾಗಿ ಅದರ ಕೆಲಸ. ಇನ್ನೂ ಒಳಗೆ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಗಾತ್ರದ ಅಮಿಗ್ಡಲಾ ಇದೆ. ಅಪಾಯ ಅನ್ನಿಸಿದ ಕೂಡಲೇ ಇದು ಎಚ್ಚರವಾಗುತ್ತದೆ. ಅಡ್ರಿನಲಿನ್, ಆಮೇಲೆ ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಬರುತ್ತವೆ. ಎದೆ ಹೊಡೆದುಕೊಳ್ಳುತ್ತದೆ. ಓಡೋದಕ್ಕೆ ಶಕ್ತಿ ಬೇಕಲ್ವಾ, ಅದಕ್ಕೆ ಲಿವರ್ ತನ್ನಲ್ಲಿರುವ ಸಕ್ಕರೆಯನ್ನು ಹೊರಗೆ ಬಿಡುತ್ತದೆ. ಹುಲಿ ಕಂಡರೂ ಅಷ್ಟೇ, ಬ್ಯಾಂಕಿನ ನೋಟಿಸ್ ಬಂದರೂ ಅಷ್ಟೇ. 'ನಾನೇನೂ ತಿಂದಿಲ್ಲ ಮೇಡಂ, ಆದ್ರೂ ಶುಗರ್ ಏರಿದೆ' ಎನ್ನುವವರು ಎಲ್ಲರೂ ಸುಳ್ಳು ಹೇಳುವುದಿಲ್ಲ. ಟೆನ್ಶನ್ನಿಗೂ ಶುಗರ್ ಏರುತ್ತದೆ.

ಹಾಗಾದರೆ ಭಾವನೆಯೇ ಇಲ್ಲದಿದ್ದರೆ ಎಲ್ಲ ಸರಿಹೋಗುತ್ತಾ? ಇಲ್ಲ. ಆಂಟೋನಿಯೋ ಡಮಾಸಿಯೋ ಎಂಬ ನರವೈದ್ಯರು ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ಮೆದುಳಿನ ಮುಂಭಾಗದಲ್ಲಿ ಗಡ್ಡೆ ಬಂದು ಆಪರೇಷನ್ ಆಗಿತ್ತು. ಬುದ್ಧಿ, ನೆನಪು, ಮಾತು ಎಲ್ಲ ಚೆನ್ನಾಗಿತ್ತು. ಭಾವನೆ ಮಾತ್ರ ಮಂಕಾಗಿತ್ತು. ಆ ಮನುಷ್ಯನಿಗೆ ಸಣ್ಣಪುಟ್ಟ ವಿಷಯದಲ್ಲೂ ತೀರ್ಮಾನ ಮಾಡಲು ಆಗುತ್ತಿರಲಿಲ್ಲ. ಕಾಗದಗಳನ್ನು ಹೇಗೆ ಜೋಡಿಸಲಿ ಅಂತ ಗಂಟೆಗಟ್ಟಲೆ ಕೂರುತ್ತಿದ್ದ. ಕೆಲಸ ಹೋಯಿತು, ದುಡ್ಡು ಹೋಯಿತು, ಸಂಸಾರವೂ ಮುರಿಯಿತು. ಆದ್ದರಿಂದ 'ಮನಸ್ಸು ಗಟ್ಟಿ ಮಾಡ್ಕೊಳ್ಳಿ' ಎಂಬ ಸಲಹೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಗಟ್ಟಿ ಮಾಡಿಕೊಳ್ಳುವುದಕ್ಕಿಂತ ಮನಸ್ಸನ್ನು ಒಲಿಸಿಕೊಳ್ಳುವುದು ಸುಲಭ.

ಸಂಜೆ ನಾಲ್ಕೂವರೆಯ ಬೇಕರಿ

ನಾಲ್ಕೂವರೆಗೆ ಬೇಕರಿಯವರು ಒಲೆಯಿಂದ ಖಾರ ಬನ್ ತೆಗೆಯುತ್ತಾರೆ. ಆ ವಾಸನೆ ರಸ್ತೆ ದಾಟಿ ನನ್ನ ಕೌಂಟರಿಗೂ ಬರುತ್ತದೆ. ಆಫೀಸು ಬಿಟ್ಟವರು, ಟ್ಯೂಷನ್ನಿಗೆ ಮಕ್ಕಳನ್ನು ಬಿಟ್ಟವರು, ಬಸ್ಸಿಗೆ ಕಾಯುವವರು, ಹಸಿವಿಲ್ಲದವರೂ ಅತ್ತ ತಿರುಗುತ್ತಾರೆ.

1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೆದುಳಿನಲ್ಲಿ, ಆಸೆ ಎಬ್ಬಿಸುವ ಡೋಪಮೀನ್ ಎಂಬ ರಾಸಾಯನಿಕ ಬಿಡುವ ಕೋಶಗಳನ್ನು ಗಮನಿಸಿದರು. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ರಸ ಕೊಡುವ ಮುಂಚೆ ಪ್ರತಿ ಸಲ ದೀಪ ಹಚ್ಚುತ್ತಾ ಹೋದರು. ಕೋತಿ ಕಲಿತ ಮೇಲೆ, ದೀಪ ಕಂಡಾಗಲೇ ಚುರುಕು ಶುರು. ರಸ ಬಂದಾಗ ಏನೂ ವಿಶೇಷ ಇಲ್ಲ. ದೀಪ ಹಚ್ಚಿ ರಸ ಕೊಡದಿದ್ದರೆ ಕೋಶಗಳು ಇನ್ನೂ ಕೆಳಗೆ ಇಳಿದುಬಿಡುತ್ತಿದ್ದವು. ಅಂದರೆ ಆಸೆ ಹುಟ್ಟುವುದು ತಿಂಡಿಯಿಂದಲ್ಲ, ತಿಂಡಿಯ ಸುಳಿವಿನಿಂದ. ಬನ್ನಿನ ವಾಸನೆ, ನಾಲ್ಕೂವರೆ ಗಡಿಯಾರ, ಟೀ ಲೋಟದ ಸದ್ದು, ಜೊತೆಗೆ ದಿನಾ ಬರುವ ಗೆಳೆಯ, ಎಲ್ಲವೂ ಆ ದೀಪವೇ. ದೀಪ ಕಂಡ ಮೇಲೆ ತಿನ್ನದೆ ವಾಪಸ್ ಬಂದರೆ ಮೊದಲಿಗಿಂತ ಬೇಜಾರು ಜಾಸ್ತಿ. ಬೇಕರಿ ಮುಂದೆ ನಿಂತು 'ನಾನು ತಿನ್ನಲ್ಲ, ಬರೀ ಟೀ' ಎನ್ನುವವರು ಯಾಕೆ ಸೋಲುತ್ತಾರೆ ಅಂತ ಈಗ ಗೊತ್ತಾಯಿತಲ್ವಾ.

ಮಾಡಬೇಕಾದ್ದು ಏನು? ಮೊದಲನೆಯದು, ದೀಪ ಕಾಣದ ದಾರಿ ಹಿಡಿಯಿರಿ. ನನ್ನ ಗಿರಾಕಿ ಒಬ್ಬರು, ರಿಟೈರ್ಡ್ ಮೇಷ್ಟ್ರು, ಸಂಜೆ ವಾಕಿಂಗಿಗೆ ಬೇಕರಿ ರಸ್ತೆ ಬಿಟ್ಟು ವಿಶ್ವೇಶ್ವರಯ್ಯ ಸ್ಟೇಡಿಯಂ ಕಡೆಗೆ ಹೊರಳಿಕೊಂಡರು. ಅಷ್ಟೇ ದೂರ, ಅಷ್ಟೇ ಹೊತ್ತು. ಎರಡನೆಯದು, ನಾಲ್ಕು ಗಂಟೆಗೇ ಹೊಟ್ಟೆಗೆ ಏನಾದರೂ ಹಾಕಿ. ಒಂದು ಹಿಡಿ ಹುರಿದ ಕಡ್ಲೆಕಾಯಿ, ಇಲ್ಲವೇ ಬೇಯಿಸಿದ ಹೆಸರುಕಾಳು. ನಾಲ್ಕೂವರೆಗೆ ಹಸಿವು ಇರಬಾರದು, ಅಷ್ಟೇ ಉದ್ದೇಶ.

ಮೂರನೆಯದೇ ಮುಖ್ಯ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ, ಆಮ್‌ಸ್ಟರ್‌ಡ್ಯಾಮಿನ ಕಂಪನಿಗಳಲ್ಲಿ ನಡೆಸಿದ್ದು. 'ಮುಂದಿನ ವಾರ ಈ ಹೊತ್ತಿಗೆ ನಿಮಗೆ ಯಾವ ತಿಂಡಿ ಬೇಕು?' ಅಂತ ಕೆಲಸಗಾರರನ್ನು ಕೇಳಿದರು. ಹಣ್ಣು ಎಂದವರು ಬೇಕಾದಷ್ಟು ಜನ. ಒಂದು ವಾರ ಬಿಟ್ಟು ತಿಂಡಿ ಎದುರಿಗಿಟ್ಟು ಮತ್ತೆ ಕೇಳಿದಾಗ ಅವರಲ್ಲಿ ತುಂಬಾ ಜನ ಹಣ್ಣು ಬಿಟ್ಟು ಕರಿದದ್ದು, ಚಾಕೊಲೇಟ್ ಹಿಡಿದರು. ಹಸಿದಿದ್ದವರಂತೂ ಇನ್ನೂ ಜಾಸ್ತಿ. ವಾರದ ಮುಂಚೆ ಹೇಳಿದವರೂ ಅವರೇ, ವಾರದ ಮೇಲೆ ತಿಂದವರೂ ಅವರೇ. ಹಾಗಾಗಿ ವಾರದ ಮುಂಚೆ ತಣ್ಣಗೆ ಮಾತಾಡುವ ನಿಮ್ಮ ಕೈಗೇ ದುಡ್ಡು ಕೊಡಿ. ಭಾನುವಾರ ಊಟ ಆದ ಮೇಲೆ, ಹೊಟ್ಟೆ ತುಂಬಿರುವಾಗ, ವಾರದ ಸಂಜೆ ತಿಂಡಿ ಕೊಂಡು ಡಬ್ಬಿಗೆ ಹಾಕಿಡಿ. ಬೇಕರಿ ತಿಂಡಿ ಬೇಕೇ ಬೇಕು ಅನ್ನುವವರು ಶುಕ್ರವಾರ ಒಂದು ದಿನ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. 'ಎಂದೂ ಇಲ್ಲ' ಎಂದರೆ ಮನಸ್ಸು ರಂಪ ಮಾಡುತ್ತದೆ. 'ಶುಕ್ರವಾರ' ಎಂದರೆ ಸುಮ್ನಿರುತ್ತದೆ.

ಟೆಸ್ಟ್ ಮಾಡಿಸೋಕೆ ಭಯ

'ಗೊತ್ತಾದ್ರೆ ತಾನೇ ಕಾಯಿಲೆ. ಗೊತ್ತಿಲ್ದೇ ಇದ್ರೆ ಏನೂ ಇಲ್ಲ, ಬುಡಕ್ಕ.' ನಮ್ಮ ಕಡೆ ಈ ಮಾತು ದಿನಾ ಕೇಳುತ್ತೇನೆ. ನಕ್ಕರೂ ಇದರ ಒಳಗೆ ಒಂದು ಲೆಕ್ಕ ಇದೆ. ರಕ್ತ ಕೊಡಬೇಕು ಅಂದಾಗ ಭಯ ಏರುತ್ತದೆ. 'ಮುಂದಿನ ತಿಂಗಳು ನೋಡೋಣ' ಎಂದ ಕೂಡಲೇ ಇಳಿಯುತ್ತದೆ. ಇಳಿದದ್ದು ಸುಖವಾಗಿರುತ್ತದೆ. ಮುಂದೂಡಿದರೆ ಸುಖ ಅಂತ ಮೆದುಳು ಕಲಿಯುತ್ತದೆ. ಪ್ರತಿ ಸಲ ಮುಂದೂಡಿದಾಗಲೂ ಆ ಪಾಠ ಗಟ್ಟಿಯಾಗುತ್ತಾ ಹೋಗುತ್ತದೆ.

ಇದರ ಉಲ್ಟಾ ಕೂಡ ನಡೆಯುತ್ತದೆ. 2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಸಣ್ಣ ವಯಸ್ಸಿನವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಒಂದರ ಹಿಂದೊಂದು ಟಿವಿಯಲ್ಲಿ ಬಂತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತರು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗಲೂ ಹೀಗೇ ಆಗಿತ್ತು. ನನ್ನಂಗಡಿಯಲ್ಲೂ ಬಿಪಿ ನೋಡಿ, ಬಿಪಿ ನೋಡಿ ಅಂತ ಒಂದೇ ಸಮ. ಕಣ್ಣಿಗೆ ಕಟ್ಟಿದ ಸಾವನ್ನು ಮೆದುಳು ಹತ್ತಿರದ ಅಪಾಯ ಎಂದುಕೊಳ್ಳುತ್ತದೆ. ಸುದ್ದಿ ಹಳತಾದಂತೆ ಭಯವೂ ಹಳತಾಗುತ್ತದೆ. ಬಿಪಿ ಮಾತ್ರ ಇದ್ದಲ್ಲೇ ಇರುತ್ತದೆ. ಭಯವನ್ನು ನಂಬಿ ಆರೋಗ್ಯ ನೋಡಿಕೊಳ್ಳೋಕೆ ಆಗಲ್ಲ, ಅದಕ್ಕೆ ಆಯಸ್ಸು ಕಡಿಮೆ.

ನಾನು ಹೇಳುವ ಕ್ರಮ ಹೀಗಿದೆ. ಮೊದಲು ಭಯಕ್ಕೆ ಬಾಯಿಬಿಟ್ಟು ಒಂದು ಹೆಸರು ಕೊಡಿ. 'ಟೈಮ್ ಇಲ್ಲ' ಅಂತಲ್ಲ. 'ಅಪ್ಪನ ಥರ ಕಾಲು ಕಳ್ಕೋತೀನಿ ಅಂತ ಭಯ' ಅಂತ ಹೇಳಿ. 2007ರಲ್ಲಿ ಲಾಸ್ ಏಂಜಲೀಸಿನಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಮೆದುಳಿನ ಸ್ಕ್ಯಾನ್ ಮಾಡಿ ನೋಡಿತು. ಭಯ, ಕೋಪದ ಮುಖಗಳನ್ನು ತೋರಿಸಿ, ಆ ಭಾವನೆ ಯಾವುದು ಅಂತ ಮಾತಿನಲ್ಲಿ ಗುರುತಿಸಿ ಎಂದಾಗ ಅಮಿಗ್ಡಲಾದ ಚಟುವಟಿಕೆ ಇಳಿಯಿತು. ಮುಂಭಾಗದ ಮೆದುಳಿನ ಒಂದು ಭಾಗ ಚುರುಕಾಯಿತು. ಒಂದು ಮಾತಿಗೆ ಇಷ್ಟು ಬಲ ಇದೆ. ಕೌಂಟರಿನಲ್ಲಿ ನಾನು 'ಯಾಕೆ ಮಾಡಿಸಿಲ್ಲ?' ಎಂದು ಕೇಳುವುದು ಬಿಟ್ಟು 'ಏನು ಬಂದರೆ ಅಂತ ಭಯ?' ಎಂದು ಕೇಳುತ್ತೇನೆ. ಅರ್ಧ ಜನ ಅಲ್ಲೇ ಕುರ್ಚಿ ಎಳೆದು ಕೂರುತ್ತಾರೆ.

ಆಮೇಲೆ ದಿನ ಗೊತ್ತು ಮಾಡಿ. 'ಬರೋ ವಾರ' ಬೇಡ. 'ಗುರುವಾರ ಮಗಳನ್ನು ಕಾಲೇಜಿಗೆ ಬಿಟ್ಟ ಮೇಲೆ, ಟೀ ಕುಡಿಯೋ ಮುಂಚೆ, ಲ್ಯಾಬಿಗೆ' ಎನ್ನಿ. ಒಬ್ಬರೇ ಹೋಗಬೇಡಿ. ರಿಪೋರ್ಟನ್ನು ಮೊದಲು ಬೇರೆಯವರು ನೋಡಲಿ. ಒಬ್ಬ ಹೆಂಗಸು ತನ್ನ ರಿಪೋರ್ಟನ್ನು ಕವರ್ ಸಮೇತ ತಂದು ನನ್ನ ಕೈಗಿಟ್ಟು, ಶೆಲ್ಫಿನ ಕಡೆ ತಿರುಗಿ ನಿಂತಳು. ನಾನು ಓದಿ, 'ಕೂತ್ಕೊಳ್ಳಿ, ಡಾಕ್ಟರಿಗೆ ತೋರಿಸೋಣ, ಇದು ಕೈ ಮೀರಿದ್ದಲ್ಲ' ಎಂದ ಮೇಲೇ ತಿರುಗಿದ್ದು. ಹೀಗೆ ಮಾಡಿದರೆ ತಪ್ಪೇನೂ ಇಲ್ಲ.

ಟೆಸ್ಟ್ ಮುಗಿದ ಕೂಡಲೇ ಏನಾದರೂ ಇಷ್ಟದ್ದನ್ನು ಇಟ್ಟುಕೊಳ್ಳಿ. ಫಾಸ್ಟಿಂಗ್ ರಕ್ತ ಕೊಟ್ಟು ಬಂದು ಹೋಟೆಲಿನಲ್ಲಿ ಕೂತು ಒಂದು ಸಾದಾ ದೋಸೆ. ಊಟದ ಎರಡು ಗಂಟೆಯ ರಕ್ತವೂ ಕೊಡಬೇಕು ಅಂದರೆ ಗಂಟೆ ನೆನಪಿಟ್ಟುಕೊಂಡು ತಿನ್ನಿ. ನಿರಾಳ ಈಗ ಮುಂದೂಡಿದ ಕಡೆ ಇಲ್ಲ, ಮಾಡಿಸಿದ ಕಡೆ ಇದೆ.

ಇನ್ನೊಂದು ಮಾತು. ಬೆರಳು ಚುಚ್ಚಿ ನೋಡುವ ಶುಗರ್ ಆ ಹೊತ್ತಿನದು. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಾಗಲ್ಲ, ಹಿಂದಿನ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ, ಯಾಕೆಂದರೆ ಅದು ನೋಡುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು, ಆ ಕಣದ ಆಯುಸ್ಸು ಸುಮಾರು 120 ದಿನ. ಟೆಸ್ಟಿನ ಹಿಂದಿನ ದಿನ ಮಾತ್ರ ಮುದ್ದೆ ಬಿಟ್ಟು ಸೌತೆಕಾಯಿ ತಿಂದರೆ ಅದು ಮೋಸ ಹೋಗುವುದಿಲ್ಲ. ಇದರಲ್ಲಿ ಶೇಕಡಾ 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ಅಥವಾ ಮೇಲಿದ್ದರೆ ಡಯಾಬಿಟಿಸ್ ಎಂದು ಲೆಕ್ಕ, ನಡುವಿನದು ಎಚ್ಚರದ ಗಂಟೆ.

ನಾರ್ಮಲ್ ಬಂತು ಅನ್ನೋ ಅಪಾಯ

ಭಯದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಹೆಚ್ಚು ಚಿಂತೆ ನೆಮ್ಮದಿಯದು. 'ಅಕ್ಕ, ನಾರ್ಮಲ್ ಬಂತು' ಅಂತ ನಗುತ್ತಾ ಬರುವ ಗಿರಾಕಿಯನ್ನು ಕಂಡರೆ ನಾನು ಪುಸ್ತಕ ತೆಗೆದು ಅವರ ಮುಂದಿನ ಮಾತ್ರೆ ದಿನ ಬರೆದುಕೊಳ್ಳುತ್ತೇನೆ. ಯಾಕೆಂದರೆ ಮಾತ್ರೆ ಬಿಡುವವರು ಬಹಳಷ್ಟು ಸಲ ಅವರೇ. ಶುಗರ್ 300 ಇದ್ದವರು ತಪ್ಪದೆ ಬರುತ್ತಾರೆ. 110ಕ್ಕೆ ಇಳಿದವರು ಕಾಣೆಯಾಗುತ್ತಾರೆ.

ಜ್ವರಕ್ಕೆ ಮಾತ್ರೆ ತಗೊಂಡು ರೂಢಿಯಾದವರು ನಾವು. ಜ್ವರ ಬಿಟ್ಟರೆ ಮಾತ್ರೆ ಬಿಡುತ್ತೇವೆ. ಮೆದುಳಿಗೆ ಆ ಹಾದಿ ಚೆನ್ನಾಗಿ ಗೊತ್ತು. ನೋವು, ಮಾತ್ರೆ, ನಿರಾಳ. ಬಿಪಿಯಲ್ಲಿ ನೋವೇ ಇಲ್ಲ. ಶುಗರಿನಲ್ಲೂ ಶುರುವಿನಲ್ಲಿ ಬಹಳ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಮಾತ್ರೆ ನುಂಗಿದರೆ ಏನೂ ಹಿತ ಅನ್ನಿಸಲ್ಲ, ಬಿಟ್ಟರೆ ಏನೂ ಕಷ್ಟ ಅನ್ನಿಸಲ್ಲ. ಬದಲಿಗೆ, ಬಿಟ್ಟ ದಿನ 'ನಾನು ಕಾಯಿಲೆಯವನಲ್ಲ' ಎಂಬ ಸುಖ ಸಿಗುತ್ತದೆ. ದುಡ್ಡು ಉಳಿಯಿತು ಎಂಬುದು ಇನ್ನೊಂದು ಸುಖ. ಹತ್ತೇ ಮಾತ್ರೆ ಕೊಳ್ಳುವವರಲ್ಲಿ ದುಡ್ಡಿನ ತಾಪತ್ರಯ ಇರುವವರೂ ಇದ್ದಾರೆ, ಅವರಿಗೆ ಕಡಿಮೆ ಬೆಲೆಯ ಜನೆರಿಕ್ ಇದೆ, ಜನೌಷಧಿ ಕೇಂದ್ರ ಇದೆ, ಸರ್ಕಾರಿ ಆಸ್ಪತ್ರೆ ಇದೆ. ಉಳಿದವರು ಹತ್ತು ಕೊಳ್ಳುವುದು, ಹತ್ತರೊಳಗೆ ವಾಸಿಯಾಗಿಬಿಡಲಿ ಎಂಬ ಆಸೆಯಿಂದ. ಮೂವತ್ತು ಕೊಂಡರೆ ಕಾಯಿಲೆ ಒಪ್ಪಿಕೊಂಡ ಹಾಗೆ.

ಅದಕ್ಕೆ ಮೊದಲ ಉಪಾಯ, ರಿಪೋರ್ಟ್ ಓದುವ ಮಾತನ್ನು ಬದಲಾಯಿಸಿ. 'ನಾರ್ಮಲ್ ಬಂತು' ಅನ್ನಬೇಡಿ. 'ಮಾತ್ರೆ ಕೆಲಸ ಮಾಡ್ತಿದೆ' ಎನ್ನಿ. ಒಂದೇ ನಂಬರ್, ಆದರೆ ಮೊದಲನೇ ಮಾತಿನ ಮುಂದೆ 'ಹಾಗಾದ್ರೆ ಬಿಡೋಣ' ಬರುತ್ತದೆ, ಎರಡನೆಯದರ ಮುಂದೆ 'ಹಾಗಾದ್ರೆ ಮುಂದುವರಿಸೋಣ' ಬರುತ್ತದೆ. ನಿಜವಾಗಿ ಕಡಿಮೆ ಮಾಡಬಹುದಾದ ಸಂದರ್ಭವೂ ಇರುತ್ತದೆ, ತೂಕ ಇಳಿಸಿದವರಿಗೆ ಡಾಕ್ಟರೇ ಇಳಿಸುತ್ತಾರೆ. ಆ ತೀರ್ಮಾನ ಅವರದ್ದಾಗಿರಲಿ.

ಎರಡನೆಯದು, ಮಾತ್ರೆಯನ್ನು ಆಗಲೇ ದಿನಾ ನಡೆಯುವ ಕೆಲಸಕ್ಕೆ ಕಟ್ಟಿಹಾಕಿ. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಬರೆದ ವಿಚಾರ ಇದು. 'ಮಾತ್ರೆ ತಪ್ಪಿಸಲ್ಲ' ಎಂಬ ಸಂಕಲ್ಪಕ್ಕಿಂತ 'ಇದು ಆದಾಗ ಅದು ಮಾಡ್ತೀನಿ' ಎಂಬ ಕಟ್ಟು ಬಲವಾದದ್ದು. 'ಹಾಲಿನವನು ಬಂದು ಹೋದ ಮೇಲೆ, ಹಲ್ಲುಜ್ಜಿ, ಥೈರಾಯ್ಡ್ ಮಾತ್ರೆ.' 'ರಾತ್ರಿ ಮುದ್ದೆ ತಟ್ಟೆ ಮುಂದೆ ಕೂತಾಗ, ಮೊದಲ ತುತ್ತಿಗೆ ಮುಂಚೆ ಮಾತ್ರೆ ತಟ್ಟೆ ಪಕ್ಕ.' ಗಡಿಯಾರದ ಗಂಟೆಗಿಂತ ನಮ್ಮೂರಿನವರಿಗೆ ಕೆಲಸದ ಗುರುತೇ ಸರಿಹೋಗುತ್ತದೆ. ಊಟಕ್ಕೆ ಮುಂಚೆಯೋ ಆಮೇಲೋ ಅನ್ನುವುದನ್ನು ಮಾತ್ರ ಚೀಟಿ ತೋರಿಸಿ ಕೇಳಿಕೊಳ್ಳಿ, ಮಾತ್ರೆಗೊಂದು ನಿಯಮ ಇರುತ್ತದೆ.

ಎಷ್ಟು ದಿನಕ್ಕೆ ರೂಢಿಯಾಗುತ್ತದೆ? ವಾಟ್ಸಾಪಿನಲ್ಲಿ 21 ದಿನ ಅಂತ ಬರುತ್ತದೆ. ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ 96 ಜನರನ್ನು ಗಮನಿಸಿ ಬರೆದ ಪ್ರಕಾರ ಸುಮಾರು 66 ದಿನ. ಅದರಲ್ಲೂ ಕೆಲವರಿಗೆ 18, ಕೆಲವರಿಗೆ 254ರ ತನಕ. ನೀರು ಕುಡಿಯುವಂಥದ್ದು ಬೇಗ, ವ್ಯಾಯಾಮ ನಿಧಾನ. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಬಹಳ ಇಷ್ಟ. ಒಂದು ದಿನ ತಪ್ಪಿದರೆ ರೂಢಿಗೆ ಅಂಥ ಏಟೇನೂ ಬೀಳುವುದಿಲ್ಲ. 'ಹೆಂಗೂ ನಿನ್ನೆ ತಪ್ಪೋಯ್ತು, ಇನ್ಯಾಕೆ' ಎನ್ನುವುದೇ ಏಟು. ತಪ್ಪಿದ್ದಕ್ಕೆ ಮಾರನೇ ದಿನ ಎರಡು ಮಾತ್ರೆ ಒಟ್ಟಿಗೆ ನುಂಗುವುದಂತೂ ಬೇಡವೇ ಬೇಡ.

ಬಿಪಿ ನೋಡಿಸುವಾಗ

ಬಿಸಿಲಲ್ಲಿ ನಡೆದು ಬಂದು, ಕಾಫಿ ಕುಡಿದು, ಮಗನ ಮೇಲೆ ಫೋನಿನಲ್ಲಿ ಕೂಗಾಡುತ್ತಾ ಕೈ ಚಾಚಿದರೆ ಮಿಷನ್ ಏನು ತೋರಿಸಬೇಕು? ಕೆಲವರಿಗೆ ಬಿಳಿ ಕೋಟು ಕಂಡರೇ ಬಿಪಿ ಏರುತ್ತದೆ, ವೈದ್ಯರು ಅದಕ್ಕೂ ಲೆಕ್ಕ ಇಟ್ಟಿರುತ್ತಾರೆ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತಿರಿ. ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ಕೈ ಎದೆಯ ಮಟ್ಟಕ್ಕೆ. ಮಾತು ಬೇಡ. ನಮ್ಮ ಜಿಲ್ಲೆಯವರಿಗೆ ಈ ಕೊನೆಯದೇ ಕಷ್ಟ.

ರಾತ್ರಿ ಕರೆಂಟು

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಕಬ್ಬಿನ ಗದ್ದೆಯವರು ಏನು ಮಾಡಬೇಕು, ಎದ್ದು ಹೋಗಲೇಬೇಕು. ಮಾರನೇ ದಿನ ಅವರ ಹಸಿವು ನೋಡಬೇಕು. 2004ರಲ್ಲಿ ಶಿಕಾಗೋದಲ್ಲಿ 12 ಯುವಕರನ್ನು ಎರಡು ರಾತ್ರಿ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟು ನೋಡಿದರು. ಹೊಟ್ಟೆ ತುಂಬಿತು ಎನ್ನುವ ಲೆಪ್ಟಿನ್ ಹಾರ್ಮೋನ್ ಇಳಿದಿತ್ತು, ಹಸಿವು ಎಬ್ಬಿಸುವ ಗ್ರೆಲಿನ್ ಹಾರ್ಮೋನ್ ಏರಿತ್ತು. ಸಿಹಿ, ಉಪ್ಪಿನ ಕುರುಕಲು ತಿಂಡಿಗಳ ಮೇಲೆ ಆಸೆ ಹೆಚ್ಚಾಗಿತ್ತು. ಹೀಗಾಗಿ ನಿದ್ದೆಗೆಟ್ಟ ದಿನ ಡಯಟ್ ಶುರು ಮಾಡಬೇಡಿ, ಬೀಡಿ ಬಿಡುವ ಪ್ರತಿಜ್ಞೆ ಬೇಡ, ಅಣ್ಣತಮ್ಮಂದಿರ ಜೊತೆ ಜಮೀನಿನ ಮಾತೂ ಬೇಡ. ಮಧ್ಯಾಹ್ನ ಅರ್ಧ ಗಂಟೆ ಒರಗಿ ಎದ್ದು ನೋಡಿ.

ಬೆಲ್ಲ, ಬೀಗರು, ಮರ್ಯಾದೆ

ಮಂಡ್ಯದಲ್ಲಿ ನಿಂತು ಬೆಲ್ಲದಿಂದ ಶುಗರ್ ಏರುತ್ತೆ ಅಂತ ಹೇಳುವುದು ಸುಲಭವಲ್ಲ. 'ಸಕ್ಕರೆಗೆ ಕೆಮಿಕಲ್ ಹಾಕ್ತಾರೆ, ಬೆಲ್ಲ ನಮ್ಮ ಆಲೆಮನೇದು' ಎಂದು ಮುಖ ಗಂಟು ಹಾಕಿಕೊಳ್ಳುತ್ತಾರೆ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯಲ್ಲಿರುವ ಅದೇ ಸುಕ್ರೋಸ್. ರಕ್ತಕ್ಕೆ ಅದು ಯಾರ ಆಲೆಮನೆ ಅಂತ ಗೊತ್ತಾಗಲ್ಲ. ಆದರೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಇಲ್ಲಿರುವುದು ಪೌಷ್ಟಿಕಾಂಶದ ಪ್ರಶ್ನೆಯಲ್ಲ, ಅಪ್ಪ ಅಜ್ಜ ಬೆಳೆದ ಕಬ್ಬಿನ ಮೇಲಿನ ಅಭಿಮಾನ. ಅಭಿಮಾನಕ್ಕೆ ಏಟು ಬಿದ್ದರೆ ಮೆದುಳು ಕಿವಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ನಾನು 'ಬೆಲ್ಲ ಕೆಟ್ಟದ್ದು' ಎನ್ನುವುದಿಲ್ಲ. 'ಬೆಲ್ಲದ ಟೀ ಕುಡಿದು ಎರಡು ಗಂಟೆ ಬಿಟ್ಟು ಬನ್ನಿ, ಬೆರಳು ಚುಚ್ಚಿ ನೋಡೋಣ' ಎನ್ನುತ್ತೇನೆ. ಮೀಟರ್ ಹೇಳಿದ್ದನ್ನು ಒಪ್ಪಿಕೊಳ್ಳಲು ಮರ್ಯಾದೆ ಅಡ್ಡ ಬರುವುದಿಲ್ಲ. ರಾಗಿ ಮುದ್ದೆಗೂ ಇದೇ ಕಥೆ. ಒಳ್ಳೆಯದೇ, ಆದರೆ ಎರಡನೇ ಮುದ್ದೆಗೂ ಲೆಕ್ಕ ಇದೆ.

ಬೀಗರ ಊಟ, ಹಬ್ಬದ ಬಾಡೂಟ ಬೇರೆ ಸಮಸ್ಯೆ. 'ಒಂದೇ ಒಂದು, ನನ್ ಮೇಲಾಣೆ' ಎಂದು ಎಲೆ ಮೇಲೆ ಬಡಿಸಿಬಿಡುತ್ತಾರೆ. ಆ ಹೊತ್ತಲ್ಲಿ ಬೇಡ ಎನ್ನುವುದು ಊಟ ಬೇಡ ಎಂದಂತಲ್ಲ, ಮನುಷ್ಯರು ಬೇಡ ಎಂದಂತೆ ಕೇಳುತ್ತದೆ. ಆದ್ದರಿಂದ ಮನೆಯಲ್ಲೇ ಮಾತು ಸಿದ್ಧ ಮಾಡಿಕೊಂಡು ಹೋಗಿ. 'ಡಾಕ್ಟರ್ ಬೇಡ ಅಂದಿದ್ದಾರೆ' ಎಂದರೆ 'ಡಾಕ್ಟ್ರು ಇಲ್ಲಿ ನೋಡ್ತಾವ್ರಾ?' ಎಂಬ ಉತ್ತರ ರೆಡಿ ಇರುತ್ತದೆ. 'ಸಾರು ಅದ್ಭುತ, ಇನ್ನೊಂದ್ ಸ್ವಲ್ಪ ಸಾರು ಹಾಕಿ' ಎಂದು ನಿಮಗೆ ಆಗುವಂಥದ್ದನ್ನು ನೀವೇ ಕೇಳಿ. ಬಡಿಸುವವರಿಗೆ ಬಡಿಸಿದ ಸಮಾಧಾನ ಸಿಗುತ್ತದೆ. ಊಟ ಆದ ಮೇಲೆ ಚಪ್ಪರದ ಸುತ್ತ ಹತ್ತು ಹದಿನೈದು ನಿಮಿಷ ಓಡಾಡಿ. ಊಟದ ನಂತರದ ನಡಿಗೆ ಏರುವ ಶುಗರನ್ನು ತಗ್ಗಿಸುತ್ತದೆ. ಎಲೆ ಅಡಿಕೆ ನೆಪದಲ್ಲಿ ಯಾರಾದರೂ ಜೊತೆಗೂ ಬರುತ್ತಾರೆ.

ಕೋಪ ಬಂದರೆ ಶುಗರ್ ನೋಡಿ

ಇದನ್ನು ಮಾತ್ರ ಮನೆಯವರೆಲ್ಲ ಓದಬೇಕು. ಮೆದುಳಿನ ತೂಕ ದೇಹದ ತೂಕದಲ್ಲಿ ಸುಮಾರು 2 ಭಾಗ, ಅಂದರೆ ನೂರಕ್ಕೆ ಎರಡು. ಖರ್ಚು ಮಾಡುವ ಶಕ್ತಿ ನೂರಕ್ಕೆ ಸುಮಾರು 20. ಅದರ ಮುಖ್ಯ ಆಹಾರ ಗ್ಲೂಕೋಸ್. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಥರದ ಶುಗರ್ ಮಾತ್ರೆ ತಗೊಂಡು ಊಟ ತಪ್ಪಿಸಿದರೆ ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಆಗ ಬೆವರು, ನಡುಕ, ಎದೆ ಹೊಡೆತ, ಕಾರಣ ಇಲ್ಲದ ಭಯ, ಸಿಡಿಮಿಡಿ, ಸಂಬಂಧವಿಲ್ಲದ ಮಾತು. ನೋಡಿದವರಿಗೆ ಇದು ಜಗಳದ ಥರ ಕಾಣುತ್ತದೆ, ಕುಡಿದ ಥರವೂ ಕಾಣುತ್ತದೆ. ಒಂದು ಮನೆಯಲ್ಲಿ ಸೊಸೆ ಹೇಳಿದ್ದು: 'ಮಾವ ಹನ್ನೊಂದು ಗಂಟೆಗೆ ದಿನಾ ಜಗಳ ತೆಗೀತಾರೆ.' ಮಾತ್ರೆ ಎಂಟಕ್ಕೆ, ತಿಂಡಿ ಹನ್ನೊಂದೂವರೆಗೆ. ಡಾಕ್ಟರ್ ಕೇಳಿ ತಿಂಡಿಯ ಹೊತ್ತು ಸರಿಮಾಡಿದ ಮೇಲೆ ಜಗಳ ನಿಂತಿತು.

ಹೀಗಾದರೆ ವಾದ ಬೇಡ. ಮೀಟರ್ ಇದ್ದರೆ ನೋಡಿ, ಇಲ್ಲದಿದ್ದರೆ ಕಾಯಬೇಡಿ. ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲ ಎಂದರೆ ಇನ್ನೊಂದು ಸಲ. ಆಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಯೇ. ಶುಗರಿಗೆ ಬರೀ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುವವರಲ್ಲಿ ಇದು ಅಪರೂಪ.

ಕೋಪದ ಬದಲು ಬೇಸರ ಬಂದು ಕೂತಿದ್ದರೆ ಅದರ ದಾರಿಯೇ ಬೇರೆ. ಎರಡು ವಾರ ದಾಟಿದರೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಮಾತ್ರೆ ಯಾಕೆ ನುಂಗಬೇಕು ಅನ್ನಿಸುತ್ತಿದೆ ಎಂದರೆ ಅದಕ್ಕೆ ನನ್ನ ಉಪಾಯಗಳು ಸಾಲವು. ಶುಗರ್ ಇರುವವರಲ್ಲಿ ಖಿನ್ನತೆ ಜಾಸ್ತಿ, ಮತ್ತು ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಗ್ಯಾಸ್ ಮಾತ್ರೆ ಕೇಳುವ ಮುಂಚೆ

ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಬಂದು 'ಎದೇಲಿ ಗ್ಯಾಸ್ ತುಂಬ್ಕೊಂಡದೆ, ಏನಾರ ಕೊಡಕ್ಕ' ಎನ್ನುವವರು ಇರುತ್ತಾರೆ. ಬಹಳ ಸಲ ಅದು ಗ್ಯಾಸೇ. ಕೆಲವು ಸಲ ಅಲ್ಲ. ಗ್ಯಾಸ್ ಎಂದುಕೊಂಡರೆ ನಿರಾಳ, ಹಾರ್ಟ್ ಎಂದುಕೊಂಡರೆ ಆಸ್ಪತ್ರೆ, ಖರ್ಚು, ಮನೆಯವರ ಗಾಬರಿ, ಮೇಲಾಗಿ 'ಏನೂ ಇಲ್ಲ ಅಂದ್ರೆ ಮಾನ ಹೋಯ್ತದೆ' ಎಂಬ ನಾಚಿಕೆ. ಆ ನಾಚಿಕೆಯ ನಡುವೆ ಸರಿಯಾಗಿ ತೀರ್ಮಾನ ಮಾಡೋಕೆ ಯಾರಿಂದಲೂ ಆಗಲ್ಲ. ಅದಕ್ಕೆ ಇವತ್ತೇ, ನೋವಿಲ್ಲದಿರುವಾಗಲೇ, ಒಂದು ಚೀಟಿ ಬರೆದು ಮಾತ್ರೆ ಡಬ್ಬಿ ಮುಚ್ಚಳಕ್ಕೆ ಅಂಟಿಸಿ: 'ಎದೆ ಬಿಗಿತ ಹೋಗ್ತಿಲ್ಲ, ತಣ್ಣನೆ ಬೆವರು, ಕೈಗೋ ದವಡೆಗೋ ಬೆನ್ನಿಗೋ ನೋವು ಹರಿದರೆ, ಉಸಿರು ಕಟ್ಟಿದರೆ: 108.' ಶುಗರ್ ಇರುವವರಿಗೆ ನೋವು ಅಷ್ಟಾಗಿ ಕಾಣದೆಯೂ ಇರಬಹುದು, ಬರೀ ಸುಸ್ತು, ಬೆವರು, ಏದುಸಿರು ಇದ್ದರೂ ಅದೇ ನಂಬರ್. ಬೈಕ್ ಓಡಿಸಿಕೊಂಡು ನನ್ನ ಅಂಗಡಿಗೆ ಬರಬೇಡಿ. ಬಂದರೂ ನಾನು ಗ್ಯಾಸ್ ಮಾತ್ರೆ ಕೊಡುವುದಿಲ್ಲ, ಕುರ್ಚಿ ಹಾಕಿ ಕೂರಿಸಿ ಆ ನಂಬರಿಗೇ ಫೋನ್ ಮಾಡುತ್ತೇನೆ.